ಸೇವೆಯ ಹೊಗಳಿಕೆ, ನ್ಯಾಯದ ಬಾಕಿ

ಪ್ರತಿವರ್ಷ ಮೇ 12ರಂದು ಆಸ್ಪತ್ರೆಗಳಲ್ಲಿ ಮೇಣದ ಬತ್ತಿಗಳು ಬೆಳಗುತ್ತವೆ. ಬಿಳಿಯ ಉಡುಪಿನ ವಿದ್ಯಾರ್ಥಿನಿಯರು ಸಾಲಾಗಿ ನಿಂತು ಪ್ರತಿಜ್ಞೆ ಸ್ವೀಕರಿಸುತ್ತಾರೆ. ವೇದಿಕೆಯ ಮೇಲಿನ ಗಣ್ಯರು ದಾದಿಯರನ್ನು ಧರೆಗಿಳಿದ ದೇವತೆಗಳೆಂದು ಕೊಂಡಾಡುತ್ತಾರೆ. ಅದು ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಹುಟ್ಟಿದ ದಿನ. ಸಮಾರಂಭ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ರಾತ್ರಿ ಪಾಳಿಯ ದಾದಿ ಮತ್ತೆ ತನ್ನ ವಾರ್ಡಿಗೆ ಮರಳುತ್ತಾಳೆ. ಆಕೆಯ ಸಂಬಳವೆಷ್ಟು, ವಾರದ ರಜೆ ಸಿಗುತ್ತದೆಯೇ, ಒಬ್ಬಳ ಪಾಲಿಗೆ ಎಷ್ಟು ರೋಗಿಗಳು ಎಂದು ವೇದಿಕೆಯ ಮೇಲೆ ಕೇಳಿದವರು ಕಡಿಮೆ. ದೇವತೆ ಎಂದ ಮೇಲೆ ಅಂಥ ಲೆಕ್ಕಾಚಾರದ ಪ್ರಶ್ನೆ ಏಳುವುದೂ ಇಲ್ಲವಲ್ಲ!

ದಾದಿಯ ಕರ್ತವ್ಯನಿಷ್ಠೆ ಹುಟ್ಟುಗುಣ, ಅದು ಹೆಣ್ಣಿನ ಕರುಳಿನಿಂದ ತಾನಾಗಿ ಉಕ್ಕುವಂಥದು ಎಂಬ ನಂಬಿಕೆ ಬಹಳ ಹಳೆಯದು. ತಾನಾಗಿ ಉಕ್ಕುವ ವಸ್ತುವಿಗೆ ಬೆಲೆ ಕಟ್ಟುವವರಾರು? ಆದರೆ ಈ ವೃತ್ತಿಯ ನೂರೈವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವನ್ನು ತಿರುವಿದರೆ ಬೇರೆಯೇ ಚಿತ್ರ ಕಾಣುತ್ತದೆ. ನ್ಯಾಯ ಕಂಡಲ್ಲಿ ದಾದಿಯರು ನಿಂತಿದ್ದಾರೆ, ಕಾಣದಲ್ಲಿ ಸೊರಗಿದ್ದಾರೆ ಇಲ್ಲವೇ ಬಿಟ್ಟು ಹೋಗಿದ್ದಾರೆ. ಅದರ ಪರಿಣಾಮ ಮಂಚದ ಮೇಲೆ ಮಲಗಿದ ರೋಗಿಯವರೆಗೂ ತಲುಪಿದೆ.

ನೈಟಿಂಗೇಲ್ 1854ರಲ್ಲಿ 38 ಮಂದಿ ಮಹಿಳೆಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಹೊರಟಾಗ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಬೇರೆಲ್ಲೂ ಕೆಲಸ ಸಿಗದ, ಕುಡಿತದ ಚಟವಿದ್ದ ಹೆಂಗಸರು ಮಾಡುವ ಕೆಲಸವದು ಎಂದು ಜನ ಮೂಗು ಮುರಿಯುತ್ತಿದ್ದರು. ಅದಕ್ಕೆ ಶಿಸ್ತು, ಶುಚಿತ್ವ, ತರಬೇತಿ ತಂದುಕೊಟ್ಟ ಕೀರ್ತಿ ಆಕೆಯದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ 15 ಮಂದಿ ವಿದ್ಯಾರ್ಥಿನಿಯರೊಂದಿಗೆ ಆರಂಭವಾಯಿತು. ಆದರೆ 1887ರಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಮಹಿಳೆ ಬ್ರಿಟಿಷ್ ದಾದಿಯರ ಸಂಘ ಕಟ್ಟಿ, ವೈದ್ಯರಿಗೆ ಇರುವಂತೆ ದಾದಿಯರಿಗೂ ಅಧಿಕೃತ ನೋಂದಣಿ ಬೇಕೆಂದು ಕೇಳಿದಾಗ ಅದನ್ನು ವಿರೋಧಿಸಿದವರಲ್ಲಿ ನೈಟಿಂಗೇಲ್ ಅವರೇ ಮುಂಚೂಣಿಯಲ್ಲಿದ್ದರು! ಒಳ್ಳೆಯ ದಾದಿಯ ಗುಣ ಅವಳ ಶೀಲದಲ್ಲಿದೆ, ಅದನ್ನು ಪರೀಕ್ಷೆ ನಡೆಸಿ ಅಳೆಯಲಾಗದು ಎಂಬುದು ಅವರ ವಾದ. ಮೂರು ದಶಕಗಳ ಜಗ್ಗಾಟದ ನಂತರ, ನೈಟಿಂಗೇಲ್ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, 1919ರಲ್ಲಿ ನೋಂದಣಿಯ ಕಾಯಿದೆ ಬಂತು. ಆ ಪಟ್ಟಿಯಲ್ಲಿ ಮೊದಲ ಹೆಸರು ಫೆನ್ವಿಕ್ ಅವರದು.

ಆ ಜಗಳ ಬರಿಯ ಪಟ್ಟಿಯದಾಗಿರಲಿಲ್ಲ. ದಾದಿಯದು ದೈವದತ್ತ ಸೇವೆಯೋ, ಕಲಿತು ಗಳಿಸಿದ ವೃತ್ತಿಯೋ ಎಂಬುದೇ ಅದರ ತಿರುಳು. ವೃತ್ತಿಯಾದರೆ ಹಕ್ಕು, ವೇತನ, ಬಡ್ತಿಯ ಮಾತು ಬರುತ್ತದೆ. ಸೇವೆಯಾದರೆ ಆ ಮಾತೆತ್ತುವುದೇ ಅಪಚಾರ. ಅಮೆರಿಕದ ಆಸ್ಪತ್ರೆಗಳು ಈ ಎರಡನೆಯ ವಾದದ ಪೂರ್ಣ ಲಾಭ ಪಡೆದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ವಾರ್ಡುಗಳನ್ನು ಬಹುಪಾಲು ನಡೆಸುತ್ತಿದ್ದವರು ತರಬೇತಿಯ ಹುಡುಗಿಯರು. ಕಲಿಕೆಯ ಹೆಸರಿನಲ್ಲಿ ದುಡಿಮೆ. ಓದು ಮುಗಿದೊಡನೆ ಅವರನ್ನು ಕಳುಹಿಸಿ ಹೊಸ ತಂಡದ ಪ್ರವೇಶ. 1923ರ ಗೋಲ್ಡ್‌ಮಾರ್ಕ್ ವರದಿ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತು. ಆದರೂ ಅಮೆರಿಕದ ದಾದಿಯರ ಸಂಘ 1950ರಲ್ಲಿ ತನ್ನ ಸದಸ್ಯರು ಮುಷ್ಕರ ಹೂಡುವುದಿಲ್ಲವೆಂದು ತಾನಾಗಿಯೇ ಶಪಥ ಮಾಡಿತು. ಅದನ್ನು ಕೈಬಿಟ್ಟದ್ದು 1968ರಲ್ಲಿ. ಹದಿನೆಂಟು ವರ್ಷ ಕೈಕಟ್ಟಿ ಕಾದದ್ದಕ್ಕೆ ಸಿಕ್ಕಿದ್ದೇನು ಎಂಬುದಕ್ಕೆ ಡೆನ್ವರ್ ನಗರದ ಪ್ರಕರಣ ಉತ್ತರ ಹೇಳುತ್ತದೆ.

ಮರ ಕಡಿಯುವವನಿಗೂ ಕಡಿಮೆ

ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ ನಗರಾಡಳಿತದ ದಾದಿಯರು ಎಪ್ಪತ್ತರ ದಶಕದಲ್ಲಿ ಒಂದು ಸರಳ ಹೋಲಿಕೆ ಮಾಡಿ ನೋಡಿದರು. ಅದೇ ನಗರಾಡಳಿತದಲ್ಲಿ ಬೀದಿ ಮರಗಳ ಕೊಂಬೆ ಕತ್ತರಿಸುವವರು, ಫಲಕಕ್ಕೆ ಬಣ್ಣ ಬಳಿಯುವವರು, ಟೈರ್ ರಿಪೇರಿಯವರು ತಮಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದರು! ಮೊದಲಿನವರಲ್ಲಿ ಗಂಡಸರೇ ಎಲ್ಲ, ದಾದಿಯರಲ್ಲಿ ಬಹುತೇಕ ಹೆಂಗಸರು. ದಾದಿಯರು ನ್ಯಾಯಾಲಯದ ಮೆಟ್ಟಿಲೇರಿದರು. ಬೇರೆ ಕಡೆ ದಾದಿಯರಿಗೆ ಎಷ್ಟು ಕೊಡುತ್ತಾರೋ ಅಷ್ಟನ್ನೇ ತಾನೂ ಕೊಡುತ್ತಿರುವುದಾಗಿ ನಗರಾಡಳಿತ ವಾದಿಸಿತು. ಎಲ್ಲೆಡೆ ಕಡಿಮೆಯಿದ್ದರೆ ಇಲ್ಲೂ ಕಡಿಮೆ, ಇದು ಮಾರುಕಟ್ಟೆಯ ತರ್ಕ. 1978ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರು ಹೆಂಗಸರ ಕೆಲಸಕ್ಕೆ ಹಿಂದಿನಿಂದಲೂ ಬೆಲೆ ಕಡಿಮೆಯೆಂಬುದನ್ನು ಅಲ್ಲಗಳೆಯಲಿಲ್ಲ. ಆದರೆ ಈ ವಾದವನ್ನು ಒಪ್ಪಿದರೆ ಇಡೀ ದೇಶದ ಅರ್ಥವ್ಯವಸ್ಥೆಯೇ ಬುಡಮೇಲಾದೀತೆಂದು ಆತಂಕಪಟ್ಟು ದಾವೆಯನ್ನು ವಜಾ ಮಾಡಿದರು. 1980ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಜನ ತಮ್ಮ ಸಂಬಳವನ್ನು ಪಕ್ಕದವನ ಸಂಬಳದ ಜೊತೆಗಿಟ್ಟು ತೂಗುತ್ತಾರೆ ಎಂಬುದು ಮನುಷ್ಯ ಸ್ವಭಾವ. ಇದನ್ನು 1963ರಲ್ಲಿ ಜಾನ್ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸಿದ್ಧಾಂತವಾಗಿ ರೂಪಿಸಿದ. ನಾನು ಹಾಕಿದ ಶ್ರಮಕ್ಕೆ ನನಗೆ ಸಿಕ್ಕಿದ್ದೆಷ್ಟು, ಅವನ ಶ್ರಮಕ್ಕೆ ಅವನಿಗೆ ಸಿಕ್ಕಿದ್ದೆಷ್ಟು ಎಂಬ ಎರಡು ತಟ್ಟೆಗಳು ಸಮವಾಗದಿದ್ದರೆ ಮನಸ್ಸು ಕುದಿಯುತ್ತದೆ. ಆಗ ಮನುಷ್ಯ ಹೆಚ್ಚು ಕೇಳುತ್ತಾನೆ, ಇಲ್ಲವೇ ಶ್ರಮ ಕಡಿಮೆ ಮಾಡುತ್ತಾನೆ, ಅದೂ ಆಗದಿದ್ದರೆ ಕೆಲಸ ಬಿಡುತ್ತಾನೆ.

ದಾದಿಯ ವಿಷಯದಲ್ಲಿ ಶ್ರಮ ಕಡಿಮೆ ಮಾಡುವುದೆಂದರೇನು ಎಂಬುದು ಸ್ವಾರಸ್ಯದ ಪ್ರಶ್ನೆ. ಸಂಬಳ ಸಾಲದೆಂದು ಯಾವ ದಾದಿಯೂ ಆರು ಗಂಟೆಯ ಚುಚ್ಚುಮದ್ದನ್ನು ಬಿಡುವಂತಿಲ್ಲ. ಬರೆದಿಟ್ಟ ಕೆಲಸಗಳೆಲ್ಲ ನಡೆದೇ ನಡೆಯುತ್ತವೆ. ಸದ್ದಿಲ್ಲದೆ ಕರಗುವುದು ಬರೆದಿಡದ ಕೆಲಸ. ಪಾಳಿ ಮುಗಿದರೂ ಹತ್ತು ನಿಮಿಷ ನಿಂತು, ಬಂದವಳಿಗೆ ಮೂರನೇ ಹಾಸಿಗೆಯ ಅಜ್ಜ ನೀರು ಕುಡಿಯಲೊಲ್ಲರು ಎಂದು ತಿಳಿಸುವುದು. ಹೊಸದಾಗಿ ಸೇರಿದ ಹುಡುಗಿಗೆ ನರ ಸಿಗದಿದ್ದಾಗ ಗದರದೆ ಕೈಹಿಡಿದು ತೋರಿಸುವುದು. ವರಾಂಡದಲ್ಲಿ ಕಂಗಾಲಾಗಿ ಕುಳಿತ ಮಗನಿಗೆ ಒಂದು ಸಮಾಧಾನದ ಮಾತು. ಇಂಥ ನಡವಳಿಕೆಗೆ ಅಮೆರಿಕದ ಡೆನಿಸ್ ಆರ್ಗನ್ ಎಂಬ ವಿದ್ವಾಂಸ ಎಂಬತ್ತರ ದಶಕದಲ್ಲಿ 'ಸಂಸ್ಥೆಯ ಪೌರತ್ವದ ನಡವಳಿಕೆ' ಎಂಬ ಅರ್ಥದ ಹೆಸರಿಟ್ಟ. ಊರಿನ ಒಳ್ಳೆಯ ನಾಗರಿಕ ಕಾನೂನು ಕೇಳುವುದಕ್ಕಿಂತ ಒಂದು ಹಿಡಿ ಹೆಚ್ಚೇ ಮಾಡುವಂತೆ ಒಳ್ಳೆಯ ನೌಕರನೂ ಮಾಡುತ್ತಾನೆ. ಈ ಹೆಚ್ಚಿನ ಹಿಡಿ, ಸಂಸ್ಥೆ ತನ್ನನ್ನು ನ್ಯಾಯವಾಗಿ ಕಾಣುತ್ತಿದೆ ಎಂಬ ನಂಬಿಕೆಗೆ ಕಟ್ಟುಬಿದ್ದಿದೆ ಎಂಬುದನ್ನು ನಂತರದ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡವು. ಆಸ್ಪತ್ರೆಯ ಯಾವ ರಿಜಿಸ್ಟರಿನಲ್ಲೂ ಅದರ ದಾಖಲೆ ಇರುವುದಿಲ್ಲ. ನಿಂತುಹೋದಾಗ ರೋಗಿಗೆ ಮಾತ್ರ ಗೊತ್ತಾಗುತ್ತದೆ.

ಬಾಯಿ ಕಟ್ಟಿದರೆ

ಸಂಬಳವೊಂದೇ ನ್ಯಾಯವಲ್ಲ. 1975ರಲ್ಲಿ ಥಿಬೋ ಮತ್ತು ವಾಕರ್ ಎಂಬ ಇಬ್ಬರು ವಿದ್ವಾಂಸರು ವ್ಯಾಜ್ಯಗಳ ತೀರ್ಮಾನವನ್ನು ಅಭ್ಯಸಿಸಿ ಒಂದು ಮುಖ್ಯ ಸಂಗತಿ ಹೇಳಿದರು. ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ಸಿಕ್ಕರೆ ಮನುಷ್ಯ ಸೋತರೂ ತೀರ್ಪನ್ನು ಒಪ್ಪುವ ಸಂಭವ ಹೆಚ್ಚು. ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ಕುಳಿತವರಿಗೆ ಇದು ಹೊಸದೇನಲ್ಲ. ಆಸ್ಪತ್ರೆಯಲ್ಲಿ ಮಾತ್ರ ದಾದಿಗೆ ಆ ಕಟ್ಟೆ ಬಹುಕಾಲ ಸಿಗಲಿಲ್ಲ.

ಇದರ ಫಲವೇನು ಎಂಬುದನ್ನು ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಪ್ರಯೋಗ ಎದೆ ನಡುಗುವಂತೆ ತೋರಿಸಿತು. ರಾತ್ರಿ ಪಾಳಿಯ ದಾದಿಗೆ ಫೋನ್ ಬರುತ್ತದೆ. ಆ ಕಡೆಯವನು ತಾನು ಡಾಕ್ಟರ್ ಎನ್ನುತ್ತಾನೆ. ಆಕೆ ಅವನನ್ನು ಕಂಡವಳಲ್ಲ. ಒಬ್ಬ ರೋಗಿಗೆ 'ಆಸ್ಟ್ರೊಟೆನ್' ಎಂಬ ಔಷಧ 20 ಮಿಲಿಗ್ರಾಂ ಕೊಡಬೇಕು, ಸಹಿಯನ್ನು ಆಮೇಲೆ ಬಂದು ಹಾಕುತ್ತೇನೆ ಎನ್ನುತ್ತಾನೆ. ಡಬ್ಬಿಯ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಸ್ಪಷ್ಟವಾಗಿ ಅಚ್ಚಾಗಿದೆ. ಫೋನಿನಲ್ಲಿ ಔಷಧದ ಆದೇಶ ಸ್ವೀಕರಿಸಬಾರದೆಂಬ ನಿಯಮವೂ ಇದೆ. ಆದರೂ 22 ದಾದಿಯರಲ್ಲಿ 21 ಮಂದಿ ಔಷಧ ಕೊಡಲು ಹೊರಟರು! ಮಾತ್ರೆಯಲ್ಲಿದ್ದುದು ಬರಿಯ ಸಕ್ಕರೆ. ಹೊಂಚುಹಾಕಿ ನಿಂತಿದ್ದವರು ದಾದಿಯನ್ನು ರೋಗಿಯ ಬಳಿಗೆ ಹೋಗುವ ಮುನ್ನವೇ ತಡೆದರು. ಇದೇ ಸನ್ನಿವೇಶವನ್ನು ಬರಿಯ ಪ್ರಶ್ನೆಯಾಗಿ ಬೇರೆ 12 ದಾದಿಯರ ಮುಂದಿಟ್ಟಾಗ 10 ಮಂದಿ, ತಾವಾದರೆ ಖಂಡಿತ ಕೊಡುವುದಿಲ್ಲವೆಂದಿದ್ದರು.

ಅವರು ದಡ್ಡರಾಗಿರಲಿಲ್ಲ, ರೋಗಿಯ ಬಗ್ಗೆ ಕಾಳಜಿ ಇಲ್ಲದವರೂ ಅಲ್ಲ. ಡಾಕ್ಟರಿಗೆ ಎದುರಾಡಿದರೆ ಆಡಳಿತ ತಮ್ಮ ಬೆನ್ನಿಗೆ ನಿಲ್ಲುವುದಿಲ್ಲವೆಂಬುದು ಅಂದಿನ ದಾದಿಯರಿಗೆ ಅನುಭವದಿಂದ ಗೊತ್ತಿದ್ದ ವಿಷಯ. ಮರುವರ್ಷ, 1967ರಲ್ಲಿ ಲಿಯೊನಾರ್ಡ್ ಸ್ಟೈನ್ ಎಂಬ ಮನೋವೈದ್ಯ ಇದರ ಇನ್ನೊಂದು ಮುಖವನ್ನು 'ಡಾಕ್ಟರ್-ನರ್ಸ್ ಆಟ' ಎಂದು ಕರೆದ. ದಾದಿಗೆ ವಿಷಯ ಗೊತ್ತಿರುತ್ತದೆ, ಆದರೆ ನೇರ ಹೇಳುವಂತಿಲ್ಲ. ಹೇಳಿದ್ದು ಸಲಹೆಯಂತೆ ಕೇಳಿಸಬಾರದು, ಡಾಕ್ಟರರಿಗೇ ಹೊಳೆದಂತಿರಬೇಕು. 'ಐದನೇ ಹಾಸಿಗೆಯವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಡಾಕ್ಟ್ರೇ, ಹೋದ ವಾರ ಆ ಮಾತ್ರೆ ಕೊಟ್ಟಾಗ ಮಲಗಿದ್ರು' ಎಂಬ ಧಾಟಿಯ ಮಾತು ನಮ್ಮ ವಾರ್ಡುಗಳಲ್ಲೂ ಅಪರಿಚಿತವೇನಲ್ಲ.

ಹತ್ತು ವರ್ಷಗಳ ನಂತರ, 1977ರಲ್ಲಿ, ಬೇರೆ ಇಬ್ಬರು ಸಂಶೋಧಕರು ಹಾಫ್ಲಿಂಗ್ ಪ್ರಯೋಗವನ್ನು ಸ್ವಲ್ಪ ಬದಲಿಸಿ ನಡೆಸಿದರು. ಈ ಸಲ ಔಷಧ ದಾದಿಯರಿಗೆ ಪರಿಚಿತವಾದದ್ದು, ಜೊತೆಯವರನ್ನು ಕೇಳಿ ನೋಡಲು ಅವಕಾಶವೂ ಇತ್ತು. 18 ಮಂದಿಯಲ್ಲಿ ಇಬ್ಬರು ಮಾತ್ರ ಔಷಧ ಕೊಡಲು ಮುಂದಾದರು. ದಾದಿಯರ ಕರ್ತವ್ಯನಿಷ್ಠೆ ಹತ್ತು ವರ್ಷದಲ್ಲಿ ಹೆಚ್ಚಿತೆಂದು ಇದರ ಅರ್ಥವಲ್ಲ. ಪಕ್ಕದಲ್ಲೊಬ್ಬರು ಮಾತಾಡಲು ಇದ್ದರು.

ನಿದ್ದೆಗೆಡಿಸಿದ ಅನ್ಯಾಯ

ಹಣ ಕಡಿಮೆಯಾದಾಗಲೂ ಅದನ್ನು ಹೇಳುವ ರೀತಿಯಲ್ಲಿ ನ್ಯಾಯವಿರಬಹುದೇ? ಅಮೆರಿಕದ ಜೆರಾಲ್ಡ್ ಗ್ರೀನ್‌ಬರ್ಗ್ ಈ ಪ್ರಶ್ನೆಯನ್ನು ಹಿಡಿದು ವರ್ಷಗಳ ಕಾಲ ಬೆನ್ನುಹತ್ತಿದ. 1990ರಲ್ಲಿ ಪ್ರಕಟವಾದ ಆತನ ಒಂದು ಅಧ್ಯಯನ ಕಾರ್ಖಾನೆಗಳದು. ಹತ್ತು ವಾರಗಳ ಕಾಲ ಶೇ 15ರಷ್ಟು ವೇತನ ಕಡಿತವಾದ ಎರಡು ಕಾರ್ಖಾನೆಗಳ ಪೈಕಿ ಒಂದರಲ್ಲಿ ಕಾರಣವನ್ನು ವಿವರವಾಗಿ, ವಿಷಾದದಿಂದ ತಿಳಿಸಲಾಯಿತು. ಇನ್ನೊಂದರಲ್ಲಿ ಚುಟುಕಾಗಿ ಹೇಳಿ ಮುಗಿಸಲಾಯಿತು. ಎರಡನೆಯದರಲ್ಲಿ ಕಳ್ಳತನ ಬಹಳ ಹೆಚ್ಚಿತು.

2006ರಲ್ಲಿ ಆತ ದಾದಿಯರತ್ತ ತಿರುಗಿದ. ನಾಲ್ಕು ಆಸ್ಪತ್ರೆಗಳ 467 ದಾದಿಯರು. ಎರಡು ಆಸ್ಪತ್ರೆಗಳಲ್ಲಿ ವೇತನದ ಪದ್ಧತಿ ಬದಲಾಗಿ ಕೈಗೆ ಬರುವ ಹಣ ಇಳಿದಿತ್ತು. ಉಳಿದೆರಡರಲ್ಲಿ ಬದಲಾವಣೆ ಇಲ್ಲ. ಗ್ರೀನ್‌ಬರ್ಗ್ ಅಳೆದದ್ದು ನಿದ್ದೆಯನ್ನು! ಸಂಬಳ ಇಳಿದ ಕಡೆ ದಾದಿಯರಿಗೆ ನಿದ್ರಾಹೀನತೆ ಹೆಚ್ಚಾಗಿತ್ತು. ಆದರೆ ಒಂದು ಕಡೆ ಮೇಲ್ವಿಚಾರಕರಿಗೆ ತಮ್ಮ ಕೈಕೆಳಗಿನವರೊಡನೆ ಗೌರವದಿಂದ ನಡೆದುಕೊಳ್ಳುವ, ನಿರ್ಧಾರಗಳ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುವ ತರಬೇತಿ ಕೊಡಲಾಗಿತ್ತು. ಅಲ್ಲಿನ ದಾದಿಯರಿಗೆ ನಿದ್ದೆಯ ತೊಂದರೆ ಎದ್ದು ಕಾಣುವಷ್ಟು ಕಡಿಮೆಯಾಯಿತು. ಆರು ತಿಂಗಳ ನಂತರವೂ ಆ ವ್ಯತ್ಯಾಸ ಉಳಿದಿತ್ತು. ರಾತ್ರಿಯ ನಿದ್ದೆಗೆಟ್ಟ ದಾದಿ ಬೆಳಿಗ್ಗೆ ಔಷಧದ ಪ್ರಮಾಣ ಲೆಕ್ಕ ಹಾಕುವವಳು ಎಂಬುದನ್ನು ನೆನೆದರೆ ಇದು ಆಕೆಯೊಬ್ಬಳ ತೊಂದರೆಯಲ್ಲ. ಫಿನ್ಲೆಂಡಿನ ಆಸ್ಪತ್ರೆ ನೌಕರರಲ್ಲಿ ನಡೆದ ಅಧ್ಯಯನಗಳಲ್ಲೂ, ನಿರ್ಧಾರಗಳು ನ್ಯಾಯವಾಗಿಲ್ಲವೆಂದು ಭಾವಿಸಿದವರು ಕಾಯಿಲೆಯ ರಜೆ ಹಾಕುವುದು ಹೆಚ್ಚೆಂದು ಕಂಡುಬಂದಿದೆ.

ಆಡಳಿತ ಮಂಡಳಿಗಳು ಇದರಿಂದ ತಮಗೆ ಬೇಕಾದ ಪಾಠವನ್ನಷ್ಟೇ ಕಲಿಯುವ ಅಪಾಯವೂ ಇದೆ. ಸವಿಮಾತಿನಿಂದ ಸಂಬಳ ಉಳಿಸಬಹುದೆಂದು ಗ್ರೀನ್‌ಬರ್ಗ್ ಹೇಳಲಿಲ್ಲ. ಗೌರವದ ಮಾತು ಗಾಯಕ್ಕೆ ಮುಲಾಮಾಯಿತು, ನಿಜ. ಗಾಯವಾದದ್ದು ವೇತನ ಇಳಿದದ್ದರಿಂದ.

ಇವೆಲ್ಲವನ್ನೂ ಒಂದೇ ಸೂರಿನಡಿ ತಂದ ಆಸ್ಪತ್ರೆಗಳೂ ಇದ್ದವು. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದಾದಿಯರ ತೀವ್ರ ಕೊರತೆ ಇತ್ತು. ಆಗಲೂ ಕೆಲವು ಆಸ್ಪತ್ರೆಗಳನ್ನು ದಾದಿಯರು ಬಿಟ್ಟು ಹೋಗುತ್ತಿರಲಿಲ್ಲ. 163 ಆಸ್ಪತ್ರೆಗಳನ್ನು ಪರಿಶೀಲಿಸಿದ ಒಂದು ತಂಡ 1983ರಲ್ಲಿ ಅಂಥ 41ನ್ನು ಗುರುತಿಸಿ 'ಅಯಸ್ಕಾಂತ ಆಸ್ಪತ್ರೆ'ಗಳೆಂದು ಕರೆಯಿತು. ದಾದಿಯರ ಮುಖ್ಯಸ್ಥೆಗೆ ಆಡಳಿತದಲ್ಲಿ ಸ್ಥಾನ, ವಾರ್ಡಿನ ನಿರ್ಧಾರಗಳಲ್ಲಿ ದಾದಿಯರಿಗೆ ಮಾತು, ಪಾಳಿ ಹಂಚಿಕೆಯಲ್ಲಿ ಅನುಕೂಲ ನೋಡುವುದು, ಡಾಕ್ಟರರೊಡನೆ ಸಮಾನತೆಯ ಸಂಬಂಧ ಇವು ಅಲ್ಲಿ ಕಂಡ ಗುಣಗಳು. 1994ರಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ಇಂಥ 39 ಆಸ್ಪತ್ರೆಗಳನ್ನು ಬೇರೆ 195ರೊಂದಿಗೆ ಹೋಲಿಸಿದಾಗ ವೃದ್ಧ ರೋಗಿಗಳ ಸಾವಿನ ಪ್ರಮಾಣ ಅಯಸ್ಕಾಂತ ಆಸ್ಪತ್ರೆಗಳಲ್ಲಿ ಸುಮಾರು ಶೇ 5ರಷ್ಟು ಕಡಿಮೆಯಿತ್ತು. ಏಕನ್ ತಂಡದ್ದೇ 2002ರ ಇನ್ನೊಂದು ಅಧ್ಯಯನದ ಪ್ರಕಾರ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಗೊಳಗಾದವರು ಒಂದು ತಿಂಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ.

ನಮ್ಮಲ್ಲಿ

ಭಾರತದಲ್ಲಿ ದಾದಿಯ ಕೆಲಸಕ್ಕೆ ಮಡಿಮೈಲಿಗೆಯ ಹೊರೆಯೂ ಸೇರಿತ್ತು. ಪರಜಾತಿಯವರ, ಪರಪುರುಷರ ಮೈ ಮುಟ್ಟುವ, ಮಲಮೂತ್ರ ಬಳಿಯುವ ಕೆಲಸಕ್ಕೆ ಮೇಲುಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳೇ ಈ ವೃತ್ತಿಯನ್ನು ಬಹುಕಾಲ ಹೊತ್ತರು. 1946ರಲ್ಲಿ ಭೋರ್ ಸಮಿತಿ ಎಣಿಸಿದಾಗ ದೇಶದಲ್ಲಿ ಇದ್ದವರು ಸುಮಾರು 7,000 ದಾದಿಯರು, ಅಂದರೆ 43,000 ಜನಕ್ಕೆ ಒಬ್ಬಳು. ಅವರ ವೇತನ, ವಸತಿ, ಕೆಲಸದ ಪರಿಸ್ಥಿತಿ ಸುಧಾರಿಸದೆ ಕೊರತೆ ನೀಗದೆಂದು ಸಮಿತಿ ಅಂದೇ ಎಚ್ಚರಿಸಿತ್ತು.

ಕೊರತೆ ನೀಗಿಸಲು ಕಾಲೇಜುಗಳೇನೋ ಬಂದವು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರು, ಮಂಗಳೂರುಗಳಲ್ಲಿ ನರ್ಸಿಂಗ್ ಕಾಲೇಜುಗಳು ಬೀದಿ ಬೀದಿಗೆ ತಲೆಯೆತ್ತಿ, ಕೇರಳದ ಹುಡುಗಿಯರು ರೈಲು ತುಂಬಿ ಬಂದರು. ಮನೆಯವರು ಸಾಲ ಮಾಡಿ ಓದಿಸಿದ್ದರು. ಓದು ಮುಗಿಸಿದವರನ್ನು ಖಾಸಗಿ ಆಸ್ಪತ್ರೆಗಳಲ್ಲಿ ಸ್ವಾಗತಿಸಿದ್ದು ಬಾಂಡ್ ಪದ್ಧತಿ. ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಆಡಳಿತ ತನ್ನ ಬೀರುವಿನಲ್ಲಿಟ್ಟುಕೊಳ್ಳುವುದು, ಒಪ್ಪಿದ ಅವಧಿಗೆ ಮುನ್ನ ಬಿಟ್ಟರೆ ದಂಡ ಕೇಳುವುದು. ಸಾಲದ ಕಂತಿಗೂ ಸಾಲದ ಸಂಬಳ. ಇಂಥಲ್ಲಿ ಉಳಿದವಳನ್ನು ಕರ್ತವ್ಯನಿಷ್ಠೆ ಉಳಿಸಿತೆನ್ನುವುದಕ್ಕಿಂತ ಬೀರುವಿನ ಬೀಗ ಉಳಿಸಿತೆನ್ನುವುದೇ ಸರಿ. ಬೀಗ ತೆರೆದೊಡನೆ ಅವರು ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ, ಐರ್ಲೆಂಡಿಗೆ ಹಾರಿದರು.

2011ರಲ್ಲಿ ತಾಳ್ಮೆ ಕಟ್ಟೆಯೊಡೆಯಿತು. ಮುಂಬೈ, ದೆಹಲಿ, ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ಒಂದರ ಹಿಂದೊಂದು ಮುಷ್ಕರ. ಆ ವರ್ಷ ಕೇರಳದಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. 2012ರ ಆಗಸ್ಟಿನಲ್ಲಿ ಕೋತಮಂಗಲಂನಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆಸಿದ್ದ ದಾದಿಯರಲ್ಲಿ ಮೂವರು ಆಸ್ಪತ್ರೆಯ ಕಟ್ಟಡದ ತುದಿಗೇರಿ ಹಾರುವ ಬೆದರಿಕೆ ಹಾಕಿದ ಮೇಲಷ್ಟೇ ಸಂಧಾನ ಸಾಧ್ಯವಾಯಿತು. ಮಾತು ಕೇಳಿಸಿಕೊಳ್ಳಲು ಅಷ್ಟು ಎತ್ತರ ಹತ್ತಬೇಕಾಯಿತು!

ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಒಂದು ಸಮಿತಿ ರಚಿಸಲು ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ಸರ್ಕಾರಿ ದಾದಿಯರಿಗೆ ಸಮನಾದ ವೇತನ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ಆಸ್ಪತ್ರೆಗಳೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಸಬಾರದು ಎಂದು ಸಮಿತಿ ಶಿಫಾರಸು ಮಾಡಿತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳ ಪಾಲಿಗೆ ಬಂತು. ಕೇರಳ ಸರ್ಕಾರ 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿದ್ದು 2018ರ ಏಪ್ರಿಲ್ 23ರಂದು, ದಾದಿಯರು ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡಬೇಕಿದ್ದ ಹಿಂದಿನ ದಿನ.

ಎರಡು ವರ್ಷಗಳ ನಂತರ ಕೊರೊನಾ ಬಂತು. 2020ರ ಮೇ 3ರಂದು ಸೇನಾಪಡೆಗಳ ಹೆಲಿಕಾಪ್ಟರ್‌ಗಳು ದೇಶದ ಹಲವು ಆಸ್ಪತ್ರೆಗಳ ಮೇಲೆ ಹೂವಿನ ಎಸಳು ಸುರಿಸಿದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಅಂಗಳದಲ್ಲೂ ಹೂಮಳೆಯಾಯಿತು. ಅದೇ ತಿಂಗಳ ಮಧ್ಯದಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ 300ಕ್ಕೂ ಹೆಚ್ಚು ದಾದಿಯರು ರಾಜೀನಾಮೆ ಕೊಟ್ಟು ಮಣಿಪುರ ಮತ್ತಿತರ ತವರು ರಾಜ್ಯಗಳಿಗೆ ಬಸ್ಸು ಹತ್ತಿದರು. ಮಣಿಪುರದವರೇ 185 ಮಂದಿ. ರೋಗದ ಭಯದ ಜೊತೆಗೆ ಅವರು ಹೇಳಿಕೊಂಡ ಕಾರಣಗಳಲ್ಲಿ ಸಂಬಳ, ಸುರಕ್ಷತೆ, ಮುಖಚಹರೆ ನೋಡಿ ಜನ ತೋರಿದ ತಾತ್ಸಾರ ಇವೂ ಇದ್ದವು.